ಏಪ್ರಿಲ್ 5 ಮತ್ತು ಬಾವುಟಗುಡ್ಡೆ

ಏಪ್ರಿಲ್ 5ಕ್ಕೆ ಮಗಳನ್ನು ಮಂಗಳೂರಿನ ಬಾವುಟಗುಡ್ಡೆಗೆ ಕರೆದುಕೊಂಡು ಹೋದರೆ ಅವಳಿಗೆ ಏನು ಹೇಳುವುದು ಅಂತ ಕೇಳಿದ್ದೀರಿ. ಹೆಸರಿನಿಂದಲೇ ಶುರು ಮಾಡಿ. 1837ರಲ್ಲಿ ಅದೇ ದಿನ ಸುಳ್ಯ ಕಡೆಯ ರೈತರು ಮಂಗಳೂರಿಗೆ ನುಗ್ಗಿ, ಈ ಗುಡ್ಡೆಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಬಾವುಟ ಇಳಿಸಿ ತಮ್ಮದನ್ನು ಏರಿಸಿದರು, ಸುಮಾರು ಎರಡು ವಾರ ಊರು ಅವರ ಕೈಯಲ್ಲೇ ಇತ್ತು. 1857ಕ್ಕಿಂತ 20 ವರ್ಷ ಮೊದಲು, ಅಲ್ವಾ! ನಾವು ಶಾಲೆಯಲ್ಲಿ ಇದನ್ನು ಓದಲೇ ಇಲ್ಲ.

ಯಾಕೆ ದಂಗೆ ಎದ್ದರು ಅಂತ ಅವಳು ಕೇಳಿಯೇ ಕೇಳುತ್ತಾಳೆ. 1834ರಲ್ಲಿ ಕೊಡಗು ಬ್ರಿಟಿಷರ ಪಾಲಾಯಿತು, ಅಲ್ಲಿಯವರೆಗೆ ಕೊಡಗಿಗೆ ಸೇರಿದ್ದ ಅಮರ ಸುಳ್ಯ, ಪುತ್ತೂರು ಸೀಮೆಯನ್ನು ಮಂಗಳೂರು ಕೇಂದ್ರವಾಗಿದ್ದ ಕೆನರಾ ಜಿಲ್ಲೆಗೆ ಸೇರಿಸಿದರು. ಮೊದಲು ಭತ್ತದಲ್ಲೇ ಕಂದಾಯ ಕೊಡುತ್ತಿದ್ದವರಿಗೆ ಈಗ ನಗದೇ ಬೇಕು ಅಂದರು. ಬೇಸಾಯಗಾರನ ಕೈಯಲ್ಲಿ ರೊಕ್ಕ ಎಲ್ಲಿಂದ ಬರಬೇಕು? ಮೊದಲು ಬೆಳ್ಳಾರೆಯ ಖಜಾನೆ ಹಿಡಿದು, ಆಮೇಲೆ ಇಲ್ಲಿಗೆ ಬಂದರು.

ಮುಂದಾಳು ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ 2022ರಿಂದ ಅಲ್ಲೇ ಇದೆ. ಸುಮ್ನೆ ಫೋಟೋ ತೆಗೆದು ಬರಬೇಡಿ, ಪಕ್ಕದ ಹಳೆ ಲೈಟ್‌ಹೌಸ್ ಕೂಡ ತೋರಿಸಿ. ಸೆಕೆ ಜಾಸ್ತಿ, ಬೆಳಿಗ್ಗೆಯೇ ಹೋಗಿ.