ಸ್ಕ್ಯಾನರ್ ಕಿತ್ತಿಟ್ಟರೆ ಜಿಎಸ್‌ಟಿ ತಪ್ಪುತ್ತದೆಯೇ?

ಪ್ರಶ್ನೆ: ಬೆಂಗಳೂರಿನಲ್ಲಿ ಕಾಂಡಿಮೆಂಟ್ಸ್ ಅಂಗಡಿ ಇದೆ ಸರ್. ಕಳೆದ ವರ್ಷ ಯುಪಿಐಗೆ 46 ಲಕ್ಷ ಬಂದಿದೆ. ಅದರಲ್ಲಿ ಅಣ್ಣ ವಾಪಸ್ ಕೊಟ್ಟ ಸಾಲ 3 ಲಕ್ಷ, ಚೀಟಿ ದುಡ್ಡು 2 ಲಕ್ಷ. ಹಾಲು, ಬ್ರೆಡ್‌ಗಂತೂ ತೆರಿಗೆಯೇ ಇಲ್ಲ. ಪಕ್ಕದವರು ‘ನಗದು ಮಾತ್ರ’ ಎಂದು ಬೋರ್ಡ್ ಹಾಕಿದ್ದಾರೆ. ನಾನೂ ಸ್ಕ್ಯಾನರ್ ತೆಗೆಯಲೇ?

ಉತ್ತರ: 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದಾಗಿನಿಂದ ಇದೇ ಪ್ರಶ್ನೆ ಬರುತ್ತಲೇ ಇದೆ. ತೆಗೆಯಬೇಡಿ. ತೆರಿಗೆ ಬೀಳುವುದು ಮಾರಾಟಕ್ಕೆ, ದುಡ್ಡು ಬಂದ ದಾರಿಗಲ್ಲ. ಬಂದು ಹೋದ ಜಮೆ ಬ್ಯಾಂಕಿನಲ್ಲಿ ಹಾಗೇ ಇರುತ್ತದೆ, ಬೋರ್ಡ್ ಹಾಕಿದರೆ ಅಳಿಸುವುದಿಲ್ಲ. ಮೇಲಾಗಿ, ಆದಾಯ ತೆರಿಗೆಯಲ್ಲಿ ಅಂದಾಜು ಲಾಭ ತೋರಿಸುವವರಿಗೆ ಡಿಜಿಟಲ್ ಜಮೆಗೆ 6%, ನಗದಿಗೆ 8% ಲೆಕ್ಕ. 40 ಲಕ್ಷವನ್ನು ಪೂರ್ತಿ ನಗದಿನಲ್ಲಿ ಪಡೆದರೆ ತೋರಿಸಬೇಕಾದ ಲಾಭ 2.4 ಲಕ್ಷದ ಬದಲು 3.2 ಲಕ್ಷ.

ಈಗ ನಿಮ್ಮ ಲೆಕ್ಕ. 46ರಲ್ಲಿ ಸಾಲದ 3, ಚೀಟಿಯ 2 ಕಳೆಯಿರಿ, 41 ಉಳಿಯಿತು. ಇದಕ್ಕೆ ನಗದು ಮಾರಾಟ ಸೇರಿಸಬೇಕು. ಎಲ್ಲರೂ ಮರೆತಂತೆ ನಟಿಸುವುದು ಇದನ್ನೇ, ನೀವೂ ಬರೆದಿಲ್ಲ. 8 ಲಕ್ಷ ಎಂದಿಟ್ಟುಕೊಳ್ಳಿ, ಒಟ್ಟು 49 ಲಕ್ಷ. ಬರೀ ಸರಕು ಮಾರುವವರಿಗೆ ನೋಂದಣಿ ಮಿತಿ 40 ಲಕ್ಷ. ‘ಹಾಲಿನ ವ್ಯಾಪಾರ ಬಿಟ್ಟು ಎಣಿಸಿ’ ಎನ್ನುವ ಏಜೆಂಟರ ಮಾತು ಸುಳ್ಳು. ಮಿತಿ ನೋಡುವಾಗ ವಿನಾಯಿತಿ ಸರಕೂ ಸೇರುತ್ತದೆ. ಬರೀ ಹಾಲು, ತರಕಾರಿ ಮಾರುವವರಿಗೆ ಮಾತ್ರ ನೋಂದಣಿಯೇ ಬೇಡ. ಇನ್ನೊಂದು, ಯಾರೂ ಹೇಳದ ವಿಷಯ: ಅಂಗಡಿಯಲ್ಲಿ ಸಿಗರೇಟು, ಪಾನ್ ಮಸಾಲ ಅಥವಾ ಐಸ್‌ಕ್ರೀಮ್ ಇದ್ದರೆ, ಇಲ್ಲವೇ ಚಹಾ ಕಾಯಿಸಿ ಕೊಡುತ್ತಿದ್ದರೆ ಮಿತಿ 40 ಅಲ್ಲ, 20 ಲಕ್ಷ.

ಮಿತಿ ದಾಟಿದ 30 ದಿನದೊಳಗೆ ಅರ್ಜಿ ಹಾಕಬೇಕು. ಹಾಕುವಾಗಲೇ ರಾಜಿ ತೆರಿಗೆ, ಅಂದರೆ ಕಾಂಪೋಸಿಷನ್, ಆಯ್ಕೆಗೆ ಗುರುತು ಹಾಕಿ. ಅದನ್ನು ಬಿಟ್ಟರೆ ಮುಂದಿನ ಆರ್ಥಿಕ ವರ್ಷದವರೆಗೆ ಕಾಯಬೇಕು. ವಹಿವಾಟು 1.5 ಕೋಟಿಯೊಳಗಿರುವ, ಕೊಂಡು ಮಾರುವ ವ್ಯಾಪಾರಿಗೆ ದರ 1%, ಅದೂ ತೆರಿಗೆ ಬೀಳುವ ಸರಕಿಗಷ್ಟೇ. ನಿಮ್ಮ 49ರಲ್ಲಿ ಹಾಲು, ಬ್ರೆಡ್ 19 ಲಕ್ಷವಾದರೆ ಉಳಿದ 30 ಲಕ್ಷಕ್ಕೆ ವರ್ಷಕ್ಕೆ 30,000 ರೂಪಾಯಿ. ಆ 19 ಲಕ್ಷಕ್ಕೆ ಡೇರಿಯ ಚೀಟಿ, ಬ್ರೆಡ್ ಸರಬರಾಜಿನ ಬಿಲ್ ಬೇಕು, ಬಾಯಿಮಾತು ನಡೆಯುವುದಿಲ್ಲ. ಗಿರಾಕಿಯಿಂದ ಜಿಎಸ್‌ಟಿ ವಸೂಲಿ ಮಾಡುವಂತಿಲ್ಲ, ಖರೀದಿಯ ತೆರಿಗೆ ವಾಪಸ್ ಸಿಗುವುದಿಲ್ಲ, ಹೊರರಾಜ್ಯಕ್ಕೆ ಮಾರುವಂತಿಲ್ಲ. ಮೂರು ತಿಂಗಳಿಗೊಮ್ಮೆ, ನಂತರದ ತಿಂಗಳ 18ರೊಳಗೆ ಸಿಎಂಪಿ-08 ನಮೂನೆ ತುಂಬಿ ತೆರಿಗೆ ಕಟ್ಟಬೇಕು. ವರ್ಷಕ್ಕೊಮ್ಮೆ ಜೂನ್ 30ರೊಳಗೆ ಜಿಎಸ್‌ಟಿಆರ್-4, ಅಂದರೆ ವಾರ್ಷಿಕ ರಿಟರ್ನ್.

ನೋಂದಣಿ ಇಲ್ಲದೆ ಕಳೆದ ಅವಧಿಗೆ ಈ 1% ಸಿಗದು. ಮಾಮೂಲು ದರ, ಮೇಲೆ 18% ಬಡ್ಡಿ. ನೋಟಿಸ್ ಬಂದಿದ್ದರೆ ಸಾಲದ ಕಾಗದ, ಚೀಟಿ ಪುಸ್ತಕ, ಖರೀದಿ ಬಿಲ್ ಜೋಡಿಸಿ ಗಡುವಿನೊಳಗೆ ಉತ್ತರ ಕೊಡಿ. ನೋಟಿಸ್ ಎಂದರೆ ಅಂತಿಮ ಆದೇಶವಲ್ಲ, ಆದರೆ ಸುಮ್ಮನಿದ್ದರೆ ಆದೇಶವಾಗುತ್ತದೆ. ಮನೆಯ ದುಡ್ಡಿಗೆ ಬೇರೆ ಖಾತೆ ಇಂದೇ ತೆರೆಯಿರಿ.

ಪ್ರಶ್ನೆ: ಹೆಂಡತಿ ಹೆಸರಲ್ಲಿ ಎರಡನೇ ಕ್ಯೂಆರ್ ಇಟ್ಟರೆ?

ಉತ್ತರ: ಅಂಗಡಿ ಒಂದೇ, ಗಲ್ಲಾ ಒಂದೇ. ಇಬ್ಬರೂ ಸಿಕ್ಕಿಬೀಳುತ್ತೀರಿ.

ಪ್ರಶ್ನೆ: 2,000 ದಾಟಿದ ಯುಪಿಐಗೆ ಜಿಎಸ್‌ಟಿಯಂತೆ?

ಉತ್ತರ: 2025ರ ಏಪ್ರಿಲ್‌ನಲ್ಲೇ ಕೇಂದ್ರ ಹಣಕಾಸು ಸಚಿವಾಲಯ ಅಲ್ಲಗಳೆದ ಗಾಳಿಸುದ್ದಿ. ಫಾರ್ವರ್ಡ್ ಮಾಡುವುದು ನಿಲ್ಲಿಸಿ.

ಪ್ರಶ್ನೆ: ಏಜೆಂಟ್ ನೋಂದಣಿಗೆ ‘ಸರ್ಕಾರಿ ಶುಲ್ಕ’ 5,000 ಕೇಳುತ್ತಿದ್ದಾನೆ.

ಉತ್ತರ: ಸರ್ಕಾರಿ ಶುಲ್ಕ ಸೊನ್ನೆ. ಅವನ ಕೂಲಿ ಬೇಕಾದರೆ ಕೊಡಿ. ಪೋರ್ಟಲ್‌ನಲ್ಲಿ ಅವನ ಮೊಬೈಲ್ ನಂಬರ್ ಹಾಕಲು ಮಾತ್ರ ಬಿಡಬೇಡಿ, ಮುಂದಿನ ಒಟಿಪಿ, ನೋಟಿಸ್ ಎಲ್ಲ ಅವನಿಗೇ ಹೋಗುತ್ತವೆ.