ದೂರಸಂಪರ್ಕದಿಂದ ದೂರಸಂವೇದಿಗೆ: ಪಿಎಚ್‌ಡಿ ಸಂದರ್ಶನದ ಕುರಿತು

ದೂರಸಂಪರ್ಕದಲ್ಲಿ ಎಂ.ಟೆಕ್ ಮಾಡಿದ ನಿಮ್ಮನ್ನು ದೂರಸಂವೇದಿ (ಉಪಗ್ರಹ, ವಿಮಾನಗಳಿಂದ ಭೂಮಿಯನ್ನು ಗಮನಿಸಿ ಅಳೆಯುವ ಶಾಸ್ತ್ರ) ಪಿಎಚ್‌ಡಿ ಸಂದರ್ಶನದಲ್ಲಿ ‘ವಿಷಯ ಹೊಂದುವುದಿಲ್ಲ’ ಎಂದು ಕಳುಹಿಸಿದ್ದಕ್ಕೆ ಕಾರಣ ಬಹುಶಃ ನಿಮ್ಮ ಪದವಿಯಲ್ಲ, ಎರಡು ಕ್ಷೇತ್ರಗಳ ನಂಟನ್ನು ನಿಮ್ಮ ಸಂಶೋಧನಾ ಪ್ರಸ್ತಾವ ತೋರಿಸದಿರುವುದು. ಪ್ರಸ್ತಾವವನ್ನು ಓದದೆ ಇದಕ್ಕಿಂತ ಖಚಿತವಾಗಿ ಹೇಳಲಾರೆ.

ಮೊದಲು ಸಿಂಥೆಟಿಕ್ ಅಪರ್ಚರ್ ರೇಡಾರನ್ನು, ಅಂದರೆ ಚಲಿಸುತ್ತಲೇ ರೇಡಿಯೊ ಅಲೆ ಕಳುಹಿಸಿ ಮರಳಿ ಬಂದ ಪ್ರತಿಫಲನಗಳಿಂದ ನೆಲದ ಚಿತ್ರ ಕಟ್ಟುವ ರೇಡಾರನ್ನು, ಆರಿಸಿಕೊಳ್ಳಿ. ಅದರಲ್ಲಿ ಬಳಸುವ ಚರ್ಪ್ ಸಂಕೇತ (ಆವರ್ತನ ಏರುತ್ತ ಇಲ್ಲವೇ ಇಳಿಯುತ್ತ ಹೋಗುವ ಸಂಕೇತ), ಮ್ಯಾಚ್ಡ್ ಫಿಲ್ಟರ್ (ಕಳುಹಿಸಿದ ಸಂಕೇತವನ್ನು ಗದ್ದಲದ ನಡುವೆ ಹುಡುಕುವ ಶೋಧಕ), ಡಾಪ್ಲರ್ (ಚಲನೆಯಿಂದಾಗುವ ಆವರ್ತನ ಬದಲಾವಣೆ) ಇವೆಲ್ಲ ನೀವು ಈಗಾಗಲೇ ಓದಿರುವಂಥವೇ ಆದ್ದರಿಂದ ಅಲ್ಲಿ ನೀವು ಹೊರಗಿನವರಲ್ಲ. ನಂತರ, 5.405 ಗಿಗಾಹರ್ಟ್ಸ್‌ನಲ್ಲಿ ಕೆಲಸ ಮಾಡುವ ಸೆಂಟಿನೆಲ್-1 ರೇಡಾರ್ ಉಪಗ್ರಹದ ಉಚಿತ ದತ್ತಾಂಶವನ್ನು ಯುರೋಪಿನ ಭೂವೀಕ್ಷಣಾ ಯೋಜನೆ ಕೋಪರ್ನಿಕಸ್‌ನ ತಾಣದಿಂದ ಇಳಿಸಿಕೊಂಡು, ಉಪಗ್ರಹ ಚಿತ್ರ ಸಂಸ್ಕರಿಸುವ ಸ್ನ್ಯಾಪ್ ತಂತ್ರಾಂಶದಲ್ಲಿ ಕ್ಯಾಲಿಬ್ರೇಷನ್ (ಚಿತ್ರದ ಅಂಕಿಗಳನ್ನು ನಿಜವಾದ ಅಳತೆಗೆ ತರುವುದು), ಸ್ಪೆಕಲ್ ಫಿಲ್ಟರ್ (ರೇಡಾರ್ ಚಿತ್ರದ ಚುಕ್ಕೆಚುಕ್ಕೆ ಗದ್ದಲ ತಗ್ಗಿಸುವುದು), ಭೂಮೇಲ್ಮೈ ತಿದ್ದುಪಡಿ (ನೆಲದ ಏರಿಳಿತದಿಂದಾದ ವಿರೂಪ ಸರಿಪಡಿಸುವುದು) ಎಂಬ ಕ್ರಮದಲ್ಲಿ ಸಂಸ್ಕರಿಸಿ, ತುಂಗಭದ್ರಾ ಜಲಾಶಯದ ನೀರಿನ ಹರವನ್ನು ಬೇಸಿಗೆಗೂ ಮಳೆಗಾಲಕ್ಕೂ ಹೋಲಿಸಿ. ಶಾಂತ ನೀರು ರೇಡಾರ್ ಅಲೆಯನ್ನು ಬೇರೆಡೆಗೆ ಪ್ರತಿಫಲಿಸುವುದರಿಂದ ಚಿತ್ರದಲ್ಲಿ ಕಪ್ಪಾಗಿ ಕಾಣುತ್ತದೆ. ಗಾಳಿಯೆದ್ದ ದಿನ ಹಾಗೆ ಕಾಣದಿರಬಹುದು, ಮತ್ತು ಆ ದೋಷವನ್ನು ನೀವೇ ಗುರುತಿಸಿ ವಿವರಿಸಿದರೆ ಸಂದರ್ಶಕರಿಗೆ ಅಂಕಪಟ್ಟಿಗಿಂತ ಅದೇ ಹೆಚ್ಚು ಹೇಳುತ್ತದೆ ಎಂಬುದು ನನ್ನ ದೃಢ ಅಭಿಪ್ರಾಯ.

ಭೂಗೋಳದ ಭಾಗ ದುರ್ಬಲವೆನಿಸಿದರೆ ಡೆಹ್ರಾಡೂನಿನ ಭಾರತೀಯ ದೂರಸಂವೇದಿ ಸಂಸ್ಥೆಯ ಆನ್‌ಲೈನ್ ಕೋರ್ಸ್‌ಗಳಿವೆ. ಗೇಟ್ ಪರೀಕ್ಷೆಯಲ್ಲಿ 2022ರಿಂದ ಜಿಯೊಮ್ಯಾಟಿಕ್ಸ್ (ಭೂಮಿಯ ಸ್ಥಳಾಧಾರಿತ ಮಾಹಿತಿಯನ್ನು ಅಳೆದು ವಿಶ್ಲೇಷಿಸುವ ಶಾಸ್ತ್ರ) ಪತ್ರಿಕೆಯೂ ಇದೆ, ಆದರೆ ನಿಮ್ಮ ಗೇಟ್ ಎಲೆಕ್ಟ್ರಾನಿಕ್ಸ್ ಅಂಕಗಳನ್ನು ಒಪ್ಪುವ ವಿಭಾಗಗಳನ್ನು ಅವುಗಳ ಪ್ರವೇಶ ಪ್ರಕಟಣೆಯಲ್ಲಿ ಮೊದಲು ಹುಡುಕಿ. ಕೊನೆಗೆ, ಆ ಜಲಾಶಯದ ಫಲಿತಾಂಶವನ್ನೇ ಮೊದಲ ಪುಟದಲ್ಲಿಟ್ಟು ಪ್ರಸ್ತಾವವನ್ನು ಹೊಸದಾಗಿ ಬರೆಯಿರಿ.