ನಮ್ಮವರ ಬೇಸ್‌ಮೆಂಟೋ, ಗುರುತಿಲ್ಲದವರ ಹಳೇ ಬಿಲ್ಡಿಂಗೋ

ಹಾಸನದ ಕಡೆಯ ಒಬ್ಬರು ಬೆಂಗಳೂರಿನಿಂದ ಕೇಳಿದ್ದಾರೆ: "ಅಕ್ಕಾ, ಮುಂದಿನ ತಿಂಗಳು ನ್ಯೂಯಾರ್ಕಿಗೆ ಬರ್ತಿದೀವಿ. ನಾನು, ಹೆಂಡತಿ, ಮೂರು ವರ್ಷದ ಮಗಳು. ಎಚ್-1ಬಿ, ಆಫೀಸು ಮ್ಯಾನ್‌ಹಟನ್‌ನಲ್ಲಿ. ಫ್ಲಶಿಂಗ್‌ನಲ್ಲಿ ನಮ್ಮವರೇ ಒಬ್ಬರು ತಮ್ಮ ಮನೆ ಕೆಳಗಿನ ಬೇಸ್‌ಮೆಂಟ್ 1,600 ಡಾಲರಿಗೆ ಕೊಡ್ತಾರಂತೆ. ಮೂರು ತಿಂಗಳ ಅಡ್ವಾನ್ಸ್ ಕ್ಯಾಶ್ ಕೊಟ್ಟರೆ ಸಾಕು, ಅಗ್ರಿಮೆಂಟ್ ಗಿಗ್ರಿಮೆಂಟ್ ಬೇಡ ಅಂತಾರೆ. ಒಪ್ಪಿಕೊಳ್ಳಲಾ? ಬಾಡಿಗೆಗೆ ಇರೋರಿಗೆ ಅಲ್ಲಿ ಏನಾದ್ರೂ ಕಾನೂನು ಇದೆಯಾ? ಚಳಿ ಹೇಗೆ, ಸ್ಕೂಲು ಹೇಗೆ?"

ಚಳಿಗೆ ಕೋಟು ಇಲ್ಲೇ ಬಂದು ಕೊಳ್ಳಿ, ಬೆಂಗಳೂರಿನ ಸ್ವೆಟರು ನವೆಂಬರಿನ ಗಾಳಿಗೂ ತಡೆಯೋದಿಲ್ಲ. ಸ್ಕೂಲಿನ ಮಾತು ಮನೆಯ ಮಾತಿನ ಜೊತೆಗೇ ಬರುತ್ತದೆ. ಮೊದಲು ಮನೆ.

ಬೇಸ್‌ಮೆಂಟ್ ಒಪ್ಪಿಕೊಳ್ಳಬೇಡಿ. ಆ ಮನೆಯವರು ಕೆಟ್ಟವರು ಅಂತಲ್ಲ. ಹಬ್ಬಕ್ಕೆ ಒಬ್ಬಟ್ಟು ಕಳಿಸುವ, ಮಗುವಿಗೆ ಜ್ವರ ಬಂದರೆ ಕಾರು ತೆಗೆಯುವ ಜನವೇ ಇರಬಹುದು. ಬೌನ್ ಸ್ಟ್ರೀಟಿನ ಗಣಪತಿ ದೇವಸ್ಥಾನ ನಡೆದು ಹೋಗುವ ದೂರ, ಪಕ್ಕದಲ್ಲಿ ಕನ್ನಡ ಕೇಳಿಸುತ್ತದೆ. ಹೊಸದಾಗಿ ಬಂದಾಗ ಇದಕ್ಕಿಂತ ಬೇಕಾದದ್ದು ಇನ್ನೇನು ಅನಿಸುತ್ತದೆ, ನನಗೂ ಅನಿಸಿತ್ತು. ಆದರೆ ಈ ಊರಿನ ಕಾನೂನು ಗುರುತು ಪರಿಚಯವಿಲ್ಲದ ದೊಡ್ಡ ಹಳೇ ಬಿಲ್ಡಿಂಗಿನ ಬಾಡಿಗೆದಾರನ ಬೆನ್ನಿಗೆ ನಿಂತಷ್ಟು, ಓನರ್ ಮೇಲೆ ನಾವು ಕೆಳಗೆ ಎನ್ನುವ ಮನೆಯವನ ಬೆನ್ನಿಗೆ ನಿಲ್ಲುವುದಿಲ್ಲ. ನಮ್ಮ ಜನ ಮಾತ್ರ ಹುಡುಕಿಕೊಂಡು ಹೋಗುವುದು ಅಂಥ ಮನೆಗೇ. ಈ ಊರಿನಲ್ಲಿ ಇಷ್ಟು ಕಾಲ ಇದ್ದು ನನಗೆ ಉಳಿದಿರುವ ಕೊರಗು ಇದೊಂದೇ.

ನಿಮಗೆ ಬಂದಿರುವ ಮಾತನ್ನೇ ಬಿಡಿಸಿ ನೋಡೋಣ. ಮೂರು ತಿಂಗಳ ಅಡ್ವಾನ್ಸ್ ನ್ಯೂಯಾರ್ಕ್ ರಾಜ್ಯದಲ್ಲಿ ಕಾನೂನುಬಾಹಿರ. 2019ರ ಜೂನ್‌ನಿಂದ ಡಿಪಾಸಿಟ್ ಒಂದು ತಿಂಗಳ ಬಾಡಿಗೆಯನ್ನು ಮೀರುವಂತಿಲ್ಲ. "ಕೊನೇ ತಿಂಗಳ ಬಾಡಿಗೆ" ಅಂತ ಬೇರೆ ಹೆಸರಿಟ್ಟು ಮೇಲೆ ಇನ್ನೊಂದು ತಿಂಗಳಿನದು ಕೇಳುವಂತೆಯೂ ಇಲ್ಲ. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸಿಗೆ ಒಗ್ಗಿದವರಿಗೆ ಮೂರು ತಿಂಗಳು ಕಡಿಮೆ ಅನಿಸುತ್ತದೆ, ಅಲ್ಲೇ ಎಡವುತ್ತೇವೆ. ಕ್ಯಾಶಿನಲ್ಲಿ ಬಾಡಿಗೆ ಕೊಟ್ಟರೆ ರಸೀದಿ ಕೊಡುವುದು ಓನರ್ ಕರ್ತವ್ಯ: ತಾರೀಖು, ಮೊತ್ತ, ಯಾವ ಮನೆ, ಯಾವ ತಿಂಗಳು, ಸಹಿ. ಅಗ್ರಿಮೆಂಟೂ ಇಲ್ಲ, ರಸೀದಿಯೂ ಇಲ್ಲ ಅಂದರೆ ನೀವು ಆ ಮನೆಯಲ್ಲಿದ್ದೀರಿ ಅನ್ನುವುದಕ್ಕೇ ಕಾಗದವಿಲ್ಲ. ಮಗಳನ್ನು ಸರ್ಕಾರಿ ಶಾಲೆಯ 3-ಕೆ, ಅಂದರೆ ಮೂರು ವರ್ಷದ ಮಕ್ಕಳ ತರಗತಿಗೆ ಸೇರಿಸುವಾಗ ವಿಳಾಸಕ್ಕೆ ಎರಡು ದಾಖಲೆ ಕೇಳುತ್ತಾರೆ, ಅಲ್ಲಿ ಸಿಕ್ಕಿಹಾಕಿಕೊಳ್ಳುತ್ತೀರಿ.

ಇನ್ನು ಬೇಸ್‌ಮೆಂಟಿನದ್ದೇ ಪ್ರಶ್ನೆ. ಬಾಯಲ್ಲಿ ಎಲ್ಲವನ್ನೂ ಬೇಸ್‌ಮೆಂಟ್ ಅಂದರೂ ನಗರದ ಲೆಕ್ಕದಲ್ಲಿ ಎರಡು ಬಗೆ. ಎತ್ತರದಲ್ಲಿ ಕನಿಷ್ಠ ಅರ್ಧ ಭಾಗ ರಸ್ತೆ ಅಂಚಿನ ಮಟ್ಟಕ್ಕಿಂತ ಮೇಲಿದ್ದರೆ ಬೇಸ್‌ಮೆಂಟ್. ಅರ್ಧಕ್ಕಿಂತ ಹೆಚ್ಚು ಕೆಳಗಿದ್ದರೆ ಸೆಲ್ಲರ್. ಒಂದು ಅಥವಾ ಎರಡು ಕುಟುಂಬದ ಮನೆಗಳ ಸೆಲ್ಲರನ್ನು ಸಾಮಾನ್ಯವಾಗಿ ವಾಸಕ್ಕೆ ಬಾಡಿಗೆ ಕೊಡುವಂತಿಲ್ಲ. ಬೇಸ್‌ಮೆಂಟನ್ನು ಕೊಡಬಹುದು, ಆದರೆ ಚಾವಣಿ 7 ಅಡಿಯಾದರೂ ಇರಬೇಕು, ಪ್ರತಿ ಕೋಣೆಗೂ ಕಿಟಕಿ ಬೇಕು, ಎಲ್ಲಕ್ಕಿಂತ ಮೊದಲು ಸರ್ಟಿಫಿಕೇಟ್ ಆಫ್ ಆಕ್ಯುಪೆನ್ಸಿಯಲ್ಲಿ (ಕಟ್ಟಡವನ್ನು ಯಾವುದಕ್ಕೆ ಬಳಸಬಹುದು ಅಂತ ನಗರ ಕೊಡುವ ಪತ್ರ) ಅದು ವಾಸದ ಮನೆ ಅಂತ ನಮೂದಾಗಿರಬೇಕು. ನಗರದ ಕಟ್ಟಡ ಇಲಾಖೆಯ ವೆಬ್‌ಸೈಟಿನಲ್ಲಿ ವಿಳಾಸ ಹಾಕಿದರೆ ಈ ಸರ್ಟಿಫಿಕೇಟ್ ಪುಕ್ಕಟೆ ಸಿಗುತ್ತದೆ, ಬೆಂಗಳೂರಿನಲ್ಲಿ ಕೂತೇ ನೋಡಬಹುದು. "ಟು ಫ್ಯಾಮಿಲಿ" ಅಂತಿದ್ದು ಮೇಲಿನ ಎರಡು ಮಹಡಿಗಳಲ್ಲೇ ಎರಡು ಸಂಸಾರ ಇದ್ದರೆ ಕೆಳಗಿನದು ಮೂರನೆಯದು, ಅಂದರೆ ಅಕ್ರಮ. 1938ಕ್ಕಿಂತ ಹಿಂದಿನ ಕಟ್ಟಡವಾದರೆ ಸರ್ಟಿಫಿಕೇಟ್ ಇಲ್ಲದಿರಬಹುದು. ಆಗ ಅದೇ ಪುಟದಲ್ಲಿ ದೂರು, ನೋಟಿಸುಗಳನ್ನು ಓದಿ. "ಲೀಗಲ್ ಮಾಡಿಸೋಕೆ ಹಾಕಿದೀವಿ" ಅಂದರೆ, ಆಗುವ ತನಕ ಅದು ಆಗಿಲ್ಲ ಎಂದೇ ಅರ್ಥ.

ಯಾರಾದರೂ ದೂರು ಕೊಟ್ಟು ಇಲಾಖೆಯವರು ಬಂದು ಅಪಾಯ ಅಂತ ಕಂಡರೆ ವೆಕೇಟ್ ಆರ್ಡರ್ ಅಂಟಿಸುತ್ತಾರೆ, ಅವತ್ತೇ ಸಾಮಾನು ಎತ್ತಬೇಕು. ಅದಕ್ಕಿಂತ ದೊಡ್ಡ ಭಯ ನೀರಿನದು. 2021ರ ಸೆಪ್ಟೆಂಬರ್ 1ರ ರಾತ್ರಿ ಐಡಾ ಚಂಡಮಾರುತದ ಉಳಿಕೆ ಮಳೆ ಒಂದೇ ಗಂಟೆಯಲ್ಲಿ ಸೆಂಟ್ರಲ್ ಪಾರ್ಕಿನಲ್ಲಿ 3 ಇಂಚಿಗೂ ಹೆಚ್ಚು ಸುರಿಯಿತು. ನಗರದ ಬೇಸ್‌ಮೆಂಟ್ ಮನೆಗಳಲ್ಲೇ 11 ಜನ ಸತ್ತರು, ಹೆಚ್ಚಿನವರು ಕ್ವೀನ್ಸಿನವರು, ಅಂದರೆ ಫ್ಲಶಿಂಗ್ ಇರುವ ಭಾಗದವರು. ಹೊರಗೆ ತುಂಬಿದ ನೀರು ಬಾಗಿಲನ್ನು ಒತ್ತಿ ಹಿಡಿಯುತ್ತದೆ, ಒಳಗಿನಿಂದ ತಳ್ಳಿದರೆ ತೆರೆಯುವುದಿಲ್ಲ. ಕಿಟಕಿಗೆ ಕಬ್ಬಿಣದ ಸರಳಿದ್ದರೆ ಮುಗಿಯಿತು. ಮೂರು ವರ್ಷದ ಮಗು ಇಟ್ಟುಕೊಂಡು ತಿಂಗಳಿಗೆ ಕೆಲವು ನೂರು ಡಾಲರ್ ಉಳಿಸಲು ಹೋಗಿ ಅಲ್ಲಿ ಮಲಗುವುದು ಬೇಡ.

ಹಾಗಾದರೆ ಎಲ್ಲಿ ಹುಡುಕುವುದು? "ರೆಂಟ್ ಸ್ಟೆಬಿಲೈಜ್ಡ್", ಅಂದರೆ ಬಾಡಿಗೆ ಏರಿಕೆಗೆ ಕಾನೂನಿನ ಮಿತಿ ಇರುವ ಮನೆ, ಎನ್ನುವ ಮಾತನ್ನು ನೆನಪಿಟ್ಟುಕೊಳ್ಳಿ. 1974ಕ್ಕಿಂತ ಮೊದಲು ಕಟ್ಟಿದ, 6 ಅಥವಾ ಹೆಚ್ಚು ಮನೆಗಳಿರುವ ಕಟ್ಟಡಗಳು ಸಾಮಾನ್ಯವಾಗಿ ಇದರ ಕೆಳಗೆ ಬರುತ್ತವೆ. ತೆರಿಗೆ ರಿಯಾಯಿತಿ ಪಡೆದ ಕೆಲವು ಹೊಸ ಕಟ್ಟಡಗಳೂ ಬರುತ್ತವೆ. ನಗರದಲ್ಲಿ ಇಂಥ ಮನೆಗಳು ಸುಮಾರು 10 ಲಕ್ಷ. ಇವಕ್ಕೆ ಬಾಡಿಗೆ ಎಷ್ಟು ಏರಬೇಕು ಅಂತ ನಗರದ ರೆಂಟ್ ಗೈಡ್‌ಲೈನ್ಸ್ ಬೋರ್ಡ್ ಪ್ರತಿ ವರ್ಷ ಹೇಳುತ್ತದೆ. 2025ರ ಅಕ್ಟೋಬರಿನಿಂದ 2026ರ ಸೆಪ್ಟೆಂಬರಿನವರೆಗೆ ಶುರುವಾಗುವ ಲೀಸುಗಳಿಗೆ ಒಂದು ವರ್ಷಕ್ಕೆ 3%, ಎರಡು ವರ್ಷಕ್ಕೆ 4.5%. (2025ರ ಮೇಯರ್ ಚುನಾವಣೆಯಲ್ಲಿ ಜೊಹ್ರಾನ್ ಮಮ್ದಾನಿ ಗೆದ್ದದ್ದರಲ್ಲಿ ಈ ಬಾಡಿಗೆ ಏರದಂತೆ ತಡೆಯುತ್ತೇನೆ ಎಂಬ ಮಾತಿಗೆ ದೊಡ್ಡ ಪಾಲಿತ್ತು. ಈ ಊರಿನಲ್ಲಿ ಬಾಡಿಗೆ ಅಷ್ಟು ದೊಡ್ಡ ರಾಜಕೀಯ.) ಲೀಸು ಮುಗಿಯುವ 90ರಿಂದ 150 ದಿನ ಮೊದಲು ಓನರೇ ನವೀಕರಣದ ಪತ್ರ ಕೊಡಬೇಕು, ಒಂದು ವರ್ಷವೋ ಎರಡೋ ಅಂತ ಆರಿಸುವವರು ನೀವು. "ಮಗನ ಮದುವೆ, ಮನೆ ಬೇಕು, ಖಾಲಿ ಮಾಡಿ" ಅಂತ ಬಾಯಲ್ಲಿ ಹೇಳಿ ಕಳಿಸುವಂತಿಲ್ಲ.

ಜಾಕ್ಸನ್ ಹೈಟ್ಸ್, ಎಲ್ಮ್‌ಹರ್ಸ್ಟ್, ರೇಗೊ ಪಾರ್ಕ್, ಫ್ಲಶಿಂಗಿನಲ್ಲೇ ಕೂಡ ಆರು ಮಹಡಿಯ ಇಟ್ಟಿಗೆ ಬಿಲ್ಡಿಂಗುಗಳು ಸಾಲುಸಾಲು ಇವೆ. ಹೊರಗೆ ಬೆಂಕಿ ಮೆಟ್ಟಿಲು, ಒಳಗೆ ಟೊಣಟೊಣ ಸದ್ದು ಮಾಡುವ ಹಬೆಯ ರೇಡಿಯೇಟರು, ನೋಡಲು ಚಂದವಿಲ್ಲ. ಬಾಡಿಗೆ ನಿಮ್ಮ 1,600ಕ್ಕಿಂತ ಹೆಚ್ಚೇ ಆಗುತ್ತದೆ, ಅದರಲ್ಲಿ ಸುಳ್ಳು ಹೇಳುವುದಿಲ್ಲ. ಆದರೆ ಇಂಥ ಕಡೆ ಹೀಟು, ಬಿಸಿನೀರು ಸಾಮಾನ್ಯವಾಗಿ ಬಾಡಿಗೆಯಲ್ಲೇ ಸೇರಿರುತ್ತದೆ. ಬೇಸ್‌ಮೆಂಟಿನಲ್ಲಿ ಕರೆಂಟಿನ ಹೀಟರ್ ಇಟ್ಟುಕೊಂಡರೆ ಜನವರಿಯ ಬಿಲ್ಲಿನಲ್ಲಿ ಉಳಿತಾಯದ ಒಂದು ಪಾಲು ಹೋಗುತ್ತದೆ.

ಯಾವ ಕಟ್ಟಡದಲ್ಲಿ ಇಂಥ ಮನೆ ಇದೆ ಎನ್ನುವ ಪಟ್ಟಿಯನ್ನು ರೆಂಟ್ ಗೈಡ್‌ಲೈನ್ಸ್ ಬೋರ್ಡ್ ಪ್ರಕಟಿಸುತ್ತದೆ, ಬರೋವಾರು (ಬರೋ ಅಂದರೆ ಕ್ವೀನ್ಸಿನಂಥ ನಗರದ ವಿಭಾಗ). ಪಟ್ಟಿಯಲ್ಲಿ ಕಟ್ಟಡದ ಹೆಸರಿದ್ದ ಮಾತ್ರಕ್ಕೆ ನೀವು ನೋಡುವ ಮನೆ ಸೇರಿದೆ ಅಂತಲ್ಲ. 2019ಕ್ಕೆ ಮೊದಲು ಎಷ್ಟೋ ಮನೆಗಳನ್ನು ಕಾನೂನುಬದ್ಧವಾಗಿಯೇ ಹೊರಗಿಟ್ಟಿದ್ದಾರೆ. ಆದ್ದರಿಂದ ಲೀಸಿಗೆ ಸಹಿ ಹಾಕುವ ಮೊದಲು ರೆಂಟ್ ಸ್ಟೆಬಿಲೈಜೇಶನ್ ರೈಡರ್ ಎನ್ನುವ, ಲೀಸಿಗೆ ಲಗತ್ತಿಸುವ ಪುಟಗಳು ಜೊತೆಗಿವೆಯೇ ನೋಡಿ.

ಮನೆಗೆ ಬಂದ ಮೇಲೆ ಮೊದಲ ವಾರದಲ್ಲೇ ರಾಜ್ಯದ ವಸತಿ ಇಲಾಖೆಗೆ ಬರೆದು ರೆಂಟ್ ಹಿಸ್ಟರಿ ತರಿಸಿಕೊಳ್ಳಿ. ಅದು ಆ ಮನೆಯ ಜಾತಕ: ಯಾವ ವರ್ಷ ಯಾರಿಗೆ ಎಷ್ಟಕ್ಕೆ ಕೊಟ್ಟಿದ್ದರು, ಎಲ್ಲ ಇರುತ್ತದೆ. ಖರ್ಚಿಲ್ಲ. ಆ ಮನೆಯಲ್ಲಿ ವಾಸ ಇರುವ ಬಾಡಿಗೆದಾರನಿಗೆ ಮಾತ್ರ ಕೊಡುತ್ತಾರೆ, ಹಾಗಾಗಿ ಮೊದಲೇ ಸಿಗುವುದಿಲ್ಲ. ಬಂದಾಗ ಮೂರು ಕಡೆ ಕಣ್ಣು ಹಾಯಿಸಿ. ಒಂದು ವರ್ಷದಿಂದ ಇನ್ನೊಂದಕ್ಕೆ ಬಾಡಿಗೆ ಸಿಕ್ಕಾಪಟ್ಟೆ ಜಿಗಿದಿದೆಯೇ? ನಡುವೆ ಕೆಲವು ವರ್ಷ ನೋಂದಣಿಯೇ ಇಲ್ಲವೇ? ಸ್ಟೆಬಿಲೈಜ್ಡ್ ಅಂತಿದ್ದದ್ದು ಇದ್ದಕ್ಕಿದ್ದಂತೆ "ಎಕ್ಸೆಂಪ್ಟ್", ಅಂದರೆ ಆ ಮಿತಿಯಿಂದ ಹೊರಗೆ, ಅಂತ ಆಗಿದೆಯೇ? ಸಂಶಯ ಬಂದರೆ ಆರ್‌ಎ-89 ಎನ್ನುವ ಫಾರಂ ತುಂಬಿ ಓವರ್‌ಚಾರ್ಜ್ ದೂರು ಕೊಡಬಹುದು. ಸಾಮಾನ್ಯವಾಗಿ ಹಿಂದಿನ 6 ವರ್ಷದ ಲೆಕ್ಕ ನೋಡುತ್ತಾರೆ, ಬೇಕೆಂದೇ ಹೆಚ್ಚು ವಸೂಲಿ ಮಾಡಿದ್ದರೆ ಮೂರು ಪಟ್ಟು ಕೊಡಿಸುತ್ತಾರೆ. ತೀರ್ಪು ಬರಲು ಬಹಳ ಕಾಲ ಹಿಡಿಯುತ್ತದೆ, ತಾಳ್ಮೆ ಇರಲಿ. ಇನ್ನೊಂದು: ಲೀಸಿನಲ್ಲಿ "ಲೀಗಲ್ ರೆಂಟ್" ಹೆಚ್ಚಿದ್ದು "ಪ್ರಿಫರೆನ್ಶಿಯಲ್ ರೆಂಟ್" ಅಂತ ಕಡಿಮೆ ಮೊತ್ತ ಇದ್ದರೆ ಗಾಬರಿ ಬೇಡ. ನೀವು ಅಲ್ಲಿರುವ ತನಕ ಏರಿಕೆಯನ್ನು ಆ ಕಡಿಮೆ ಮೊತ್ತದ ಮೇಲೇ ಲೆಕ್ಕ ಹಾಕಬೇಕು.

ಮನೆ ಸಿಗುವುದಕ್ಕೆ ಅಡ್ಡಿ ಎಂದರೆ ಸಂಬಳದ ಲೆಕ್ಕ. ತಿಂಗಳ ಬಾಡಿಗೆಯ 40 ಪಟ್ಟು ವಾರ್ಷಿಕ ಆದಾಯ ಕೇಳುವುದು ಇಲ್ಲಿನ ವಾಡಿಕೆ: 2,200 ಡಾಲರ್ ಬಾಡಿಗೆಗೆ 88,000. ಅದು ಕಡಿಮೆ ಬಿದ್ದರೆ ಗ್ಯಾರಂಟರ್ ಬೇಕು, ಅವರಿಗೆ 80 ಪಟ್ಟು. ನಿಮಗೆ ಕ್ರೆಡಿಟ್ ಸ್ಕೋರ್ ಇರುವುದಿಲ್ಲ, ಹಾಗಾಗಿ ಆಫರ್ ಲೆಟರ್, ಬ್ಯಾಂಕ್ ಸ್ಟೇಟ್‌ಮೆಂಟ್, ಪಾಸ್‌ಪೋರ್ಟ್, ವೀಸಾ, ಬೆಂಗಳೂರಿನ ಓನರಿಂದ "ಬಾಡಿಗೆ ಸರಿಯಾಗಿ ಕೊಟ್ಟಿದ್ದಾರೆ" ಎಂಬ ಇಂಗ್ಲಿಷ್ ಪತ್ರ ಒಂದೇ ಪಿಡಿಎಫ್ ಮಾಡಿಟ್ಟುಕೊಳ್ಳಿ. ಅರ್ಜಿ ಶುಲ್ಕ 20 ಡಾಲರ್ ಮೀರುವಂತಿಲ್ಲ. ಬ್ರೋಕರ್ ಕಮಿಷನ್ ನಮ್ಮ ಕಾಲದಲ್ಲಿ ಬಾಡಿಗೆದಾರರ ಮೇಲೇ ಬೀಳುತ್ತಿತ್ತು. 2025ರ ಜೂನ್ 11ರಿಂದ ಕರೆಸಿದವರೇ ಕೊಡಬೇಕು. ಓನರ್ ಇಟ್ಟ ಬ್ರೋಕರ್ ನಿಮ್ಮನ್ನು ಕೇಳಿದರೆ ಕೊಡಬೇಡಿ, ನಗರದ ದೂರಿನ ಫೋನ್ ನಂಬರ್ 311ಕ್ಕೆ ಹೇಳಿ. ಮನೆ ನೋಡದೆ ಝೆಲ್ಲಿನಲ್ಲಿ (ಇಲ್ಲಿನ ಯುಪಿಐ ಥರದ್ದು) ದುಡ್ಡು ಹಾಕುವುದಂತೂ ಬೇಡವೇ ಬೇಡ. ಓನರ್ ಹೆಸರು ನಿಜವೇ ಅಂತ ನಗರದ ಆಸ್ತಿ ದಾಖಲೆ ತಾಣ ಅಕ್ರಿಸ್‌ನಲ್ಲಿ ನೋಡಬಹುದು. ಬಂದ ಮೊದಲ ಒಂದು ತಿಂಗಳಿಗೆ ಎಲ್ಲಾದರೂ ಕೋಣೆ ಹಿಡಿದು, ಕಾಲಿಟ್ಟು ನೋಡಿ ಮನೆ ಒಪ್ಪಿಕೊಳ್ಳಿ.

ಲಾಟರಿ ಮನೆಗಳು ಅಂತ ಕೇಳಿರಬಹುದು: ಕಡಿಮೆ ಬಾಡಿಗೆಯ ಮನೆಗಳಿಗೆ ನಗರ ಚೀಟಿ ಎತ್ತುವುದು, ಅದರ ತಾಣ ಹೌಸಿಂಗ್ ಕನೆಕ್ಟ್. ಅರ್ಜಿಗೆ ದುಡ್ಡಿಲ್ಲ, ಹಾಕಿಡಿ; ಆದರೆ ನಂಬಿ ಕೂರಬೇಡಿ, ಕರೆ ಬರುವುದು ವರ್ಷಗಳ ಮಾತು. ಜರ್ಸಿ ಸಿಟಿಯ ಕಡೆ ನಮ್ಮವರು ಬಹಳ, ಮ್ಯಾನ್‌ಹಟನ್‌ಗೆ ಪಾತ್ ಎನ್ನುವ ರೈಲಿದೆ, ಆದರೆ ಅದು ಬೇರೆ ರಾಜ್ಯ: ಡಿಪಾಸಿಟ್ ಒಂದೂವರೆ ತಿಂಗಳವರೆಗೆ ಕೇಳಬಹುದು, ಬಾಡಿಗೆ ಕಾನೂನಿನ ಬಗ್ಗೆ ಇಲ್ಲಿ ಹೇಳಿದ ಉಳಿದ ಮಾತುಗಳೂ ಅಲ್ಲಿಗೆ ಹೊಂದುವುದಿಲ್ಲ.

ಚಳಿಯ ಪ್ರಶ್ನೆಗೆ ನಿಜವಾದ ಉತ್ತರ ಇಲ್ಲಿದೆ. ಅಕ್ಟೋಬರ್ 1ರಿಂದ ಮೇ 31ರವರೆಗೆ ಬೆಳಿಗ್ಗೆ 6ರಿಂದ ರಾತ್ರಿ 10ರ ತನಕ, ಹೊರಗೆ 55 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗಿದ್ದರೆ ಒಳಗೆ 68 ಇರಲೇಬೇಕು, ಅಂದರೆ ನಮ್ಮ 20 ಡಿಗ್ರಿ ಸೆಲ್ಸಿಯಸ್. ರಾತ್ರಿ ಹೊರಗೆ ಎಷ್ಟೇ ಇರಲಿ, ಒಳಗೆ 62. ಕಡಿಮೆಯಾದರೆ ಥರ್ಮಾಮೀಟರ್ ಇಟ್ಟು ತಾರೀಖು, ಹೊತ್ತು, ಒಳಗೆಷ್ಟು ಹೊರಗೆಷ್ಟು ಬರೆದಿಡಿ. ಮೊದಲು ಓನರಿಗೆ ಮೆಸೇಜ್, ಆಮೇಲೆ 311. ದೂರಿನ ನಂಬರ್ ಉಳಿಸಿಕೊಳ್ಳಿ. ಇನ್‌ಸ್ಪೆಕ್ಟರ್ ಬಂದಾಗ ಬಾಗಿಲು ತೆರೆಯಲು ಯಾರೂ ಇಲ್ಲದಿದ್ದರೆ ಆ ದೂರಿನಿಂದ ಏನೂ ಆಗುವುದಿಲ್ಲ, ನಮ್ಮವರ ದೂರುಗಳು ಹಾಳಾಗುವುದು ಹೆಚ್ಚಾಗಿ ಹೀಗೆಯೇ. ಆದರೂ ಸರಿಹೋಗದಿದ್ದರೆ ಹೌಸಿಂಗ್ ಕೋರ್ಟಿನಲ್ಲಿ ಎಚ್‌ಪಿ ಕೇಸು (ಓನರಿಂದ ರಿಪೇರಿ ಮಾಡಿಸುವ ಕೇಸು), ಶುಲ್ಕ 45 ಡಾಲರ್, ವಕೀಲರಿಲ್ಲದೆಯೂ ಹಾಕಬಹುದು. ಮಗಳಿರುವುದರಿಂದ ಇನ್ನೆರಡು: ಮೂರು ಅಥವಾ ಹೆಚ್ಚು ಮನೆಗಳ ಕಟ್ಟಡದಲ್ಲಿ 10 ವರ್ಷದವರೆಗಿನ ಮಗುವಿದ್ದರೆ ಕಿಟಕಿಗೆ ಗಾರ್ಡ್ ಹಾಕಿಸುವುದು ಓನರ್ ಕೆಲಸ. 1960ಕ್ಕಿಂತ ಹಳೆಯ ಕಟ್ಟಡದಲ್ಲಿ 6 ವರ್ಷದೊಳಗಿನ ಮಗುವಿದ್ದರೆ ಸೀಸದ ಬಣ್ಣ ಎದ್ದಿದೆಯೇ ಅಂತ ಪ್ರತಿ ವರ್ಷ ನೋಡಿಸುವುದೂ ಅವರದೇ ಹೊಣೆ. ಕಿಟಕಿ ಚೌಕಟ್ಟಿನ ಸಿಪ್ಪೆ ಮಗುವಿನ ಬಾಯಿಗೆ ಹೋಗುತ್ತದೆ, ಅದನ್ನು ಹಗುರವಾಗಿ ನೋಡಬೇಡಿ.

ದೂರು ಕೊಟ್ಟರೆ ವೀಸಾಕ್ಕೆ ತೊಂದರೆಯಾಗುತ್ತದೆ ಎಂಬ ಹೆದರಿಕೆ ನಮ್ಮಲ್ಲಿ ಬಹಳ. ಮನೆಯ ದೂರಿಗೂ ಎಚ್-1ಬಿಗೂ ಸಂಬಂಧವಿಲ್ಲ. ದೂರು ಕೊಟ್ಟ ಒಂದು ವರ್ಷದೊಳಗೆ ಓನರ್ ಹೊರಹಾಕಲು ಹೊರಟರೆ ಅದು ಸೇಡು ಎಂದೇ ಕೋರ್ಟು ಮೊದಲು ಭಾವಿಸುತ್ತದೆ, ಅಲ್ಲ ಅಂತ ತೋರಿಸಬೇಕಾದವರು ಅವರು. ಈ ರಕ್ಷಣೆ ಎಲ್ಲಿ ಇಲ್ಲ ಗೊತ್ತೇ? ಓನರೂ ವಾಸವಿರುವ, 4ಕ್ಕಿಂತ ಕಡಿಮೆ ಮನೆಗಳ ಕಟ್ಟಡದಲ್ಲಿ. 2024ರ ಗುಡ್ ಕಾಸ್ ಕಾನೂನು, ಅಂದರೆ ಬಾಡಿಗೆ ಬೇಕಾಬಿಟ್ಟಿ ಏರಿಸಿ ಹೊರಗೆ ಕಳಿಸಬಾರದು ಎನ್ನುವುದೂ, ಓನರೇ ವಾಸವಿರುವ ಸಣ್ಣ ಮನೆಗಳಿಗೆ ಅನ್ವಯಿಸುವುದಿಲ್ಲ. ನಿಮಗೆ ಬಂದಿರುವ ಮನೆ ಸರಿಯಾಗಿ ಆ ಜಾಗದಲ್ಲಿದೆ. ಒಂದು ಬಲ ಮಾತ್ರ ಅಲ್ಲೂ ಉಂಟು: 30 ದಿನ ವಾಸವಿದ್ದ ಮೇಲೆ ಕೋರ್ಟಿನ ಆದೇಶವಿಲ್ಲದೆ ಬೀಗ ಬದಲಿಸಿ ಸಾಮಾನು ಹೊರಗಿಟ್ಟರೆ ಅದು ಅಪರಾಧ, ಪೊಲೀಸರನ್ನು ಕರೆಯಬಹುದು. ಒಬ್ಬಟ್ಟು ಕಳಿಸಿದವರ ಮನೆಗೆ ಪೊಲೀಸರನ್ನು ಕರೆಯುವ ಮನಸ್ಸು ಯಾರಿಗೆ ಬರುತ್ತದೆ? ಅದಕ್ಕೇ ನಮ್ಮವರು ಮೂರು ತಿಂಗಳ ಅಡ್ವಾನ್ಸನ್ನೂ ಬಿಟ್ಟು ರಾತ್ರೋರಾತ್ರಿ ಹೊರಡುತ್ತಾರೆ.

ಮನೆ ಬಿಡುವಾಗ ಪೇಂಟಿಂಗಿಗೆ ಅಂತ ಒಂದು ತಿಂಗಳ ಬಾಡಿಗೆ ಹಿಡಿಯುವ ಬೆಂಗಳೂರಿನ ಪದ್ಧತಿ ಇಲ್ಲಿಲ್ಲ. ವಾಸದಿಂದ ಆಗುವ ಸವೆತಕ್ಕೆ ದುಡ್ಡು ಹಿಡಿಯುವಂತಿಲ್ಲ. ಖಾಲಿ ಮಾಡಿದ 14 ದಿನದೊಳಗೆ ಯಾವುದಕ್ಕೆ ಎಷ್ಟು ಹಿಡಿದೆವು ಎಂಬ ಪಟ್ಟಿ ಸಮೇತ ಡಿಪಾಸಿಟ್ ಬರಬೇಕು. ಗಡುವು ಮೀರಿದರೆ ಹಿಡಿಯುವ ಹಕ್ಕೇ ಹೋಗುತ್ತದೆ. ಕೀಲಿ ಸಿಗುವ ದಿನವೇ ಗೋಡೆ, ನೆಲ, ಒಲೆ, ಸಿಂಕಿನ ಕೆಳಗೆ, ಎಲ್ಲದರ ವಿಡಿಯೋ ಮಾಡಿ ಓನರಿಗೇ ಇಮೇಲ್ ಮಾಡಿ.

ಆ ಫ್ಲಶಿಂಗಿನವರಿಗೆ "ಆಫೀಸಿನವರು ಲೀಸ್ ಕಾಗದ ಕೇಳ್ತಾರೆ" ಅಂತ ಹೇಳಿ ಬಿಡಿಸಿಕೊಳ್ಳಿ, ಮನಸ್ತಾಪ ಬೇಡ. ಬಂದ ಮೇಲೆ ಭಾನುವಾರ ದೇವಸ್ಥಾನದ ಕ್ಯಾಂಟೀನಿನಲ್ಲಿ ಅವರ ಜೊತೆಗೇ ದೋಸೆ ತಿನ್ನಬಹುದು. ಮತ್ತೆ, ಬೇರೆ ಮನೆಗೆ ಹೋದ ಪ್ರತಿ ಸಲವೂ 10 ದಿನದೊಳಗೆ ವಲಸೆ ಇಲಾಖೆಗೆ ಎಆರ್-11 ಫಾರಂನಲ್ಲಿ ವಿಳಾಸ ತಿಳಿಸಬೇಕು, ಮೂವರಿಗೂ ಬೇರೆ ಬೇರೆ. ಆನ್‌ಲೈನಿನಲ್ಲಿ ಆಗುತ್ತದೆ, ಶುಲ್ಕವಿಲ್ಲ.